ದೊಡ್ಡಮ್ಮ ಅಳಿಲಿಗೆ ಹಾಸಿಗೆ ಹಾಸಿದ್ದು

ನಮ್ಮ ದೊಡ್ಡಮ್ಮನ ಹಾಸಿಗೆ ಅಂಗಡಿಗೆ ಬಂದವರು ಮೊದಲು ಮಾಡುವ ಕೆಲಸ ಸೀನುವುದು. ಹತ್ತಿಯ ಧೂಳು ಹಾಗೆ. ಕಿಟಕಿಯಿಂದ ಬಿಸಿಲಿನ ಕೋಲು ಬಿದ್ದರೆ ಅದರೊಳಗೆ ಎಳೆಗಳು ತೇಲುತ್ತಲೇ ಇರುತ್ತವೆ. ದೊಡ್ಡಮ್ಮನ ತಲೆಯಲ್ಲಿ ಯಾವುದು ನರೆ, ಯಾವುದು ಹತ್ತಿ ಎಂದು ಹೇಳುವುದು ಕಷ್ಟ. ಬಂದವರು ಸೀನಿ ಮುಗಿಸುವ ತನಕ ಅವಳು ಸುಮ್ಮನೆ ಕಾಯುತ್ತಾಳೆ. ಆಮೇಲೆ, "ಎಲ್ಲಿ ನೋಯತ್ತೆ?" ಎಂದು ಕೇಳುತ್ತಾಳೆ. ಬೆನ್ನೋ ಸೊಂಟವೋ ಕತ್ತೋ ತಿಳಿದ ಮೇಲೆಯೇ ಅಳತೆಯ ಮಾತು.

ಅವಳು ನನ್ನ ಅಮ್ಮನ ಅಕ್ಕ. ಅಂಗಡಿಯ ಮೇಲಿನ ಕೋಣೆಗಳಲ್ಲಿ ನಾವಿದ್ದೇವೆ: ನಾನು, ಬಸ್ ಓಡಿಸುವ ನಮ್ಮ ಮನೆಯವರು, ಮೂರು ತುಂಬಿದ ಮಗಳು. ಮಗಳು ಹುಟ್ಟಿದಾಗ ಅತ್ತ ಧಾಟಿ ಕೇಳಿ ದೊಡ್ಡಮ್ಮ ಅವಳಿಗೆ 'ಪಿಟೀಲು' ಎಂದು ಹೆಸರಿಟ್ಟಳು. ಅದೇ ನಿಂತುಹೋಗಿದೆ. ಬೀದಿಯವರಿಗೆಲ್ಲ ದೊಡ್ಡಮ್ಮ 'ಹಾಸಿಗೆ ಅಕ್ಕ'.

ಕಸುಬು ಅವಳ ಅಪ್ಪನದು. ಹುಡುಗಿಯಾಗಿದ್ದಾಗ ಅವಳ ಪಾಲಿಗೆ ಬಂದದ್ದು ಹತ್ತಿಯಲ್ಲಿನ ಕಸ ಆರಿಸುವುದು ಮತ್ತು ಹತ್ತಿಯ ರಾಶಿಯ ಮೇಲೆ ಮಲಗಿಸಿದ ತಂಗಿಯನ್ನು, ಎಂದರೆ ನನ್ನ ಅಮ್ಮನನ್ನು, ಉರುಳಿ ಬೀಳದಂತೆ ನೋಡಿಕೊಳ್ಳುವುದು. ದಬ್ಬಳ ಮುಟ್ಟಲು ಅಪ್ಪ ಬಿಡುತ್ತಿರಲಿಲ್ಲ. ದಬ್ಬಳ ಎಂದರೆ ಹಾಸಿಗೆಯನ್ನು ಈ ಕಡೆಯಿಂದ ಆ ಕಡೆಗೆ ಚುಚ್ಚಿ ದಾಟಿಸಿ, ಒಳಗಿನ ಹತ್ತಿ ಸರಿಯದಂತೆ ಟಾಕು ಬಿಗಿಯುವ ಉದ್ದನೆಯ ಸೂಜಿ. ಅಪ್ಪ ಕಾಯಿಲೆ ಬಿದ್ದ ವರ್ಷ ಯಾರನ್ನೂ ಕೇಳದೆ ಅದನ್ನು ಕೈಗೆ ತೆಗೆದುಕೊಂಡಳು. ಮೊದಲು ಹೊಲಿದದ್ದು ಅಪ್ಪನ ಹಾಸಿಗೆಯನ್ನೇ. ಅವನು ಒಂದು ರಾತ್ರಿ ಮಲಗಿ ಎದ್ದು, "ಇದರಲ್ಲಿ ಗಂಟೇ ಇಲ್ಲವಲ್ಲೇ" ಅಂದನಂತೆ. ಅವಳಿಗೆ ಸಿಕ್ಕ ಬಿರುದು ಅದೊಂದೇ, ಅದನ್ನೇ ಬದುಕಿಡೀ ಉಳಿಸಿಕೊಂಡು ಬಂದಳು. ಹತ್ತಿಯನ್ನು ಬೆರಳಲ್ಲಿ ಹಿಂಜಿ, ಹಣಿಗೆಯಲ್ಲಿ ಬಾಚಿ, ಎಳೆ ಎಳೆಯನ್ನೂ ಉದ್ದಕ್ಕೆ ಎಳೆದು ಪದರ ಪದರವಾಗಿ ಹಾಸುತ್ತಾಳೆ. "ನನ್ನ ಹಾಸಿಗೇಲಿ ಒಂದು ಗಂಟು ಹುಡುಕಿ ಕೊಡಿ, ಹಾಸಿಗೇನ ದುಡ್ಡಿಲ್ಲದೆ ಕೊಟ್ಟುಬಿಡ್ತೀನಿ" ಎನ್ನುವುದು ಅವಳ ಸವಾಲು. ಯಾರೂ ಗೆದ್ದಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಊರಿಗೆಲ್ಲ ಹಾಸಿಗೆ ಹಾಸೋದರಲ್ಲೇ ಹೊತ್ತು ಹೋಯ್ತು ಕಣಮ್ಮಾ" ಎಂದು ಕೇಳಿದವರನ್ನೇ ನಾಚಿಸಿ ಕಳಿಸುತ್ತಿದ್ದಳು.

ಇಂಥವಳ ಬಲಗೈ ಕಳೆದ ವರ್ಷ ನಡುಗಲು ಶುರುವಾಯಿತು.

ನನಗೆ ಗೊತ್ತಾದದ್ದು ತಡವಾಗಿ. "ಮಗೂ, ಈ ನಾಲ್ಕು ಟಾಕು ನೀನೇ ಹಾಕು, ನನಗೆ ಬೆನ್ನು" ಎನ್ನುತ್ತಿದ್ದಳು. ಬೆನ್ನೇ ಇರಬಹುದು ಎಂದುಕೊಂಡೆ. ಒಂದು ದಿನ ಕಾಫಿ ಲೋಟ ಹಿಡಿದ ಕೈ ಕಂಡಿತು. ಕಾಫಿಯ ಮೇಲೆ ಅಲೆ. ಲೋಟ ಕೆಳಗಿಟ್ಟು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಡಾಕ್ಟರು ಭಯಪಡುವಂಥದ್ದೇನಿಲ್ಲ, ವಯಸ್ಸಿನ ನಡುಕ, ಮಾತ್ರೆಗೆ ಅಷ್ಟೇನೂ ಬಗ್ಗುವುದಿಲ್ಲ ಅಂದರು. ದೊಡ್ಡಮ್ಮ ದಬ್ಬಳಕ್ಕೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಶಿಶುವಿಹಾರದವರು ಮಕ್ಕಳ ಪುಟ್ಟ ಹಾಸಿಗೆಗಳನ್ನು ಹೊಲಿಯಲು ಹೇಳಿದ್ದರು. "ಅದೊಂದನ್ನು ನಿನ್ನ ಕೈಲೇ ಹೇಗೋ ಮುಗಿಸಿ ಕೊಟ್ಟು ಬಾಗಿಲು ಹಾಕೋಣ" ಅಂದಳು. ಪಕ್ಕದ ಕ್ಷೌರಿಕ ತನ್ನ ಅಂಗಡಿ ದೊಡ್ಡದು ಮಾಡಬೇಕೆಂದು ಆಗಲೇ ಬಂದು ಗೋಡೆ ನೋಡಿಕೊಂಡು ಹೋದ. ನಾನು ಹಾಕಿದ ಟಾಕನ್ನು ಅವಳು ಬೆರಳಿನಿಂದ ಸವರಿ ನೋಡಿ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಳಿಲು ಬಂದದ್ದು ಆ ದಿನಗಳಲ್ಲಿ.

ಹಿಂದಿನ ಅಂಗಳದಲ್ಲಿ ಒಂದು ಹಳೆಯ ಹಿಪ್ಪುನೇರಳೆ ಮರವಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು ಅದರ ಪಕ್ಕದಲ್ಲೇ. ಪಿಟೀಲಿಗೆ ಊಟ ಮಾಡಿಸುವಾಗ ನಾನು ಕೂರುವ ಮೆಟ್ಟಿಲಿಗೂ ಮರದ ಕವಲಿಗೂ ಹೆಚ್ಚು ದೂರವಿಲ್ಲ. ಅಲ್ಲಿಂದಲೇ ನೋಡಿದ್ದು. ಬೆನ್ನ ಮೇಲೆ ಗೆರೆ ಇಲ್ಲದ ಜಾತಿ: ಮೈಯೆಲ್ಲ ಕೆಂಗಂದು, ಹೊಟ್ಟೆ ಬಿಳಿ, ಮೈಯಷ್ಟೇ ಉದ್ದದ ಪೊದೆಬಾಲ. ಮೊದಲು ಎಲೆ ಇರುವ ಹಸಿ ರೆಂಬೆಗಳನ್ನೇ ಹಲ್ಲಿನಿಂದ ಕತ್ತರಿಸಿ ತಂದು ಕವಲಿನಲ್ಲಿ ಒಂದರೊಳಗೊಂದು ತುರುಕಿತು. ಎಲೆ ಒಣಗಿದರೂ ಉದುರದೆ ಗೋಡೆಗೆ ಅಂಟಿಕೊಂಡಿರಲಿ ಅಂತ ಹಸಿಯದನ್ನೇ ತರುತ್ತದಂತೆ. ಬಾಗಿಲು ಕಾಂಡದ ಕಡೆಗೆ, ಗಾಳಿಗೆ ಬೆನ್ನು ಮಾಡಿ. ದೂರದಿಂದ ನೋಡಿದರೆ ಯಾರೋ ಎಸೆದ ಕಸದ ಮುದ್ದೆ. ಆಮೇಲೆ ಒಳಮನೆ ಕೆಲಸ: ಒಣಗಿದ ಕೊಂಬೆಯ ತೊಗಟೆಯನ್ನು ಸಿಗಿದು, ನಾರನ್ನು ಮುಂಗಾಲುಗಳಲ್ಲಿ ಮಡಚಿ ಮಡಚಿ ಬಾಯಿಗೆ ತುರುಕಿಕೊಂಡು, ಮೀಸೆ ಬಂದ ಹುಡುಗನ ಹಾಗೆ ಮೇಲಕ್ಕೆ ಓಡುವುದು.

ದೊಡ್ಡಮ್ಮ ಕಿಟಕಿಯಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. "ಹೆಣ್ಣಳಿಲು. ಹೊಟ್ಟೆ ನೋಡು, ದಿನ ತುಂಬಿದೆ. ಗಂಡನ ಸುಳಿವೇ ಇಲ್ಲ."

"ಅವುಗಳಲ್ಲಿ ಗಂಡು ಗೂಡಿನ ಕಡೆ ತಲೆ ಹಾಕಲ್ವಂತೆ ದೊಡ್ಡಮ್ಮಾ."

"ಅಳಿಲುಗಳಲ್ಲಿ ಮಾತ್ರವಾ?" ಅಂದಳು. ನಮ್ಮ ಮನೆಯವರು ಆಗ ತಾನೇ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. ಎದ್ದು ಹೋಗಿ ಪಾತ್ರೆ ತೊಳೆದರು.

ಎದುರಿನ ಗಡಿಯಾರ ರಿಪೇರಿ ಅಂಗಡಿಯ ಮಾವನೂ ಕಡಲೆಕಾಯಿ ಸುಲಿಯುತ್ತಾ ಬಂದು ನಿಲ್ಲುತ್ತಿದ್ದ. ಅವನಿಗೂ ದೊಡ್ಡಮ್ಮನಿಗೂ ನಲವತ್ತು ವರ್ಷದ ಜಗಳ, ಒಂದು ದಿನವೂ ತಪ್ಪಿಸಿದ್ದಿಲ್ಲ. "ನೋಡು ಹಾಸಿಗೆ ಅಕ್ಕಾ, ಅದಕ್ಕೆ ದಬ್ಬಳ ಬೇಡ, ದಾರ ಬೇಡ. ನಿನಗಿಂತ ಬೇಗ ಮುಗಿಸ್ತಾ ಇದೆ."

"ಬೇಗ ಏನೋ ಸರಿ. ಆದರೆ ಆ ನಾರು ನೋಡಿದ್ಯಾ? ಪೊರಕೆ ಕಡ್ಡಿ ಹಾಗಿದೆ. ಬಾಣಂತಿ ಅದರ ಮೇಲೆ ಮಲಗ್ತಾಳಾ?"

ಮರುದಿನ ನಾನು ಕೆಳಗಿಳಿದಾಗ ದೊಡ್ಡಮ್ಮ ಹಣಿಗೆಯ ಮುಂದೆ ಕೂತಿದ್ದಳು. ದಿಂಬಿಗೆ ತುಂಬುವ ಬಿಳಿಯ ಫೈಬರನ್ನು, ಆ ಪ್ಲಾಸ್ಟಿಕ್ ಹತ್ತಿಯನ್ನು, ಬಾಚಿ ಬಾಚಿ ರೇಷ್ಮೆಯಂತೆ ಉದ್ದ ಮಾಡುತ್ತಿದ್ದಳು. ಬಾಚುವ ಕೆಲಸಕ್ಕೆ ಅವಳ ಕೈ ನಡುಗಿದರೂ ನಡೆಯುತ್ತದೆ. ಆ ಎಳೆಗಳನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿ, "ಹತ್ತಿಯಾದರೆ ಮಳೆಗೆ ನೆಂದು ಒಣಗಲ್ಲ. ಇದು ನೀರು ಕುಡಿಯಲ್ಲ, ಗಂಟಾಗಲ್ಲ" ಅಂದಳು. ತಿಂಗಳುಗಳ ನಂತರ ಅವಳ ಮುಖದಲ್ಲಿ ಅಂಥ ಗೆಲುವು ಕಂಡೆ. ಅಳಿಲು ಮೊದಲ ದಿನ ಹತ್ತಿರ ಬರಲಿಲ್ಲ. ಎರಡನೆಯ ದಿನ ಬಾಲ ಜಾಡಿಸುತ್ತಾ ಬಂದು ಮೂಸಿತು. ಮೂರನೆಯ ದಿನ ಬಾಯಿ ತುಂಬ ಒಯ್ದಿತು. ದೊಡ್ಡಮ್ಮ ಬೀದಿಗೆಲ್ಲ ಕೇಳುವಂತೆ, "ಒಪ್ಪಿಗೆಯಾಯ್ತು!" ಎಂದು ಕೂಗಿದಳು.

ಆಮೇಲೆ ಅಳಿಲು ಮೇವಿಗೆ ಬಂದಾಗ ಮಾತ್ರ ಕಾಣುತ್ತಿತ್ತು. ಹೊಟ್ಟೆ ಇಳಿದಿತ್ತು, ಮೊಲೆಗಳು ಎದ್ದು ಕಾಣುತ್ತಿದ್ದವು. ಅವಸರದಲ್ಲಿ ತಿನ್ನುವುದು, ಓಡುವುದು. ಆ ಓಟ ನನಗೆ ಚೆನ್ನಾಗಿ ಗೊತ್ತು. ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಕಿವಿ ಎರಡೂ ಮುಚ್ಚಿರುತ್ತವೆ, ಒಂದು ತಿಂಗಳು ಕಳೆದ ಮೇಲೇ ಕಣ್ಣು ತೆರೆಯುವುದು ಎಂದು ನಮ್ಮ ಕಡೆಯ ದನ, ನಾಯಿಗಳನ್ನೆಲ್ಲ ನೋಡುವ ಪ್ರಾಣಿ ಡಾಕ್ಟರಮ್ಮ ಹೇಳಿದ್ದರು. ಪಿಟೀಲು ಪ್ರತಿದಿನ ಮೆಟ್ಟಿಲ ಮೇಲಿಂದ, "ಕಣ್ ಬಿಟ್ಯಾ?" ಎಂದು ಗೂಡಿಗೆ ಕೂಗಿ ಕೇಳುತ್ತಿದ್ದಳು.

ಒಂದೂವರೆ ತಿಂಗಳು ಕಳೆದಿರಬೇಕು, ಒಂದು ಬೆಳಗ್ಗೆ ಶಿಶುವಿಹಾರದ ಒಂದು ಹಾಸಿಗೆಯನ್ನು ಟಾಕು ಹಾಕುವ ಮೊದಲು ಬಿಸಿಲಿಗೆ ಹಾಕಿದ್ದೆವು. ನಾನು ಒಳಗಿದ್ದೆ. ಮರದಲ್ಲಿ ಅಳಿಲು ಒಂದೇ ಸಮನೆ ಚಟಚಟ ಎಂದು ಕಿರುಚುವುದು ಕೇಳಿತು. ಆಮೇಲೆ ಪಿಟೀಲಿನ ಕೂಗು: "ಅಮ್ಮಾ! ಮೂರು ತಲೆ ಪ್ರಾಣಿ!"

ಓಡಿ ಹೋದೆ. ಹಾಸಿಗೆಯ ನಟ್ಟನಡುವೆ ಗೂಡಿನಿಂದ ಜಾರಿದ ಮೂರು ಅಳಿಲುಮರಿಗಳು ಬಿದ್ದಿದ್ದವು. ಮೂರೂ ಮೂರು ದಿಕ್ಕಿಗೆ ಓಡಲು ನೋಡುತ್ತಿದ್ದವು, ಒಂದೂ ಕದಲುತ್ತಿರಲಿಲ್ಲ. ಬಾಲಗಳು ಒಂದೇ ಜಡೆಯಂತೆ ಹೆಣೆದುಕೊಂಡಿದ್ದವು. ಅಂಗಡಿಯಿಂದ ಬಂದ ದೊಡ್ಡಮ್ಮ ಬಗ್ಗಿ ನೋಡಿದಳು. ಜಡೆಯ ತುಂಬ ಬಿಳಿಯ ಎಳೆ. ಉದ್ದದ್ದು, ನುಣುಪಾಗಿ ಬಾಚಿದ್ದು.

"ನಂದೇ" ಅಂದಳು. ಅಷ್ಟೇ.

ನಾನು ಮೊದಲು ಮಾಡಿದ ಕೆಲಸ ಒಲೆಯ ಮೇಲೆ ಹಾಲಿಟ್ಟದ್ದು. ಎರಡನೆಯದು ಡಾಕ್ಟರಮ್ಮನಿಗೆ ಫೋನ್ ಮಾಡಿದ್ದು. ಅವರು ಎಲ್ಲೋ ದೂರದಲ್ಲಿ ಹಸುವಿನ ಹೆರಿಗೆಗೆ ಹೋಗಿದ್ದರು, ಹಿಂದೆ ಹಸು ಕೂಗುತ್ತಿತ್ತು.

"ಹಾಲು ಗೀಲು ಕೊಟ್ಟಿಲ್ಲ ತಾನೆ?" ಅಂದರು.

"ಇನ್ನೂ ಇಲ್ಲ..."

"ಕೊಡಬೇಡಿ. ಹಸುವಿನ ಹಾಲು ಅವಕ್ಕಾಗಲ್ಲ, ಹೊಟ್ಟೆ ಕೆಟ್ಟು ಸಾಯ್ತವೆ. ದಪ್ಪ ಬಟ್ಟೆಯಲ್ಲಿ ತಲೆ ಮುಚ್ಚಿ ಸುತ್ತಿ, ಕತ್ತಲಾದರೆ ಸುಮ್ಮನಾಗ್ತವೆ. ಮಲಗಿದಲ್ಲೇ ಸುತ್ತಿ ಸುತ್ತಿ ಬಾಲಕ್ಕೆ ಎಳೆ ಬಿಗಿದುಕೊಂಡಿದೆ. ನಾನು ಬರೋದು ನಾಳೆಯಾಗತ್ತೆ, ಅಷ್ಟು ಹೊತ್ತು ಬಿಟ್ಟರೆ ಕಷ್ಟ. ನೀವೇ ಬಿಡಿಸಬೇಕು. ಒಂದು ಮಾತು: ಎಳೀಬೇಡಿ. ಎಳೆದರೆ ಬಾಲದ ಚರ್ಮ ದಿಂಬಿನ ಗವಸಿನ ಹಾಗೆ ಕಳಚಿ ಬರತ್ತೆ. ಒಂದೊಂದೇ ಎಳೆ ಕತ್ತರಿಸಿ. ಬಾಲದ ತುದಿ ಎಲ್ಲಾದರೂ ಕಪ್ಪಾಗಿ ಒಣಗಿದ್ದರೆ ಅದನ್ನ ಬಿಟ್ಟುಬಿಡಿ, ತಾನೇ ಉದುರತ್ತೆ. ಆಮೇಲೆ ಮರದ ಬುಡದಲ್ಲಿಟ್ಟು ದೂರ ಹೋಗಿ. ಹಗಲಿರುವಾಗಲೇ. ಕತ್ತಲಾದ ಮೇಲೆ ತಾಯಿ ಇಳಿಯಲ್ಲ."

"ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅಂತಾರಲ್ಲ?"

"ಸೇರಿಸ್ತಾಳೆ. ಅವಳು ಅಲ್ಲೇ ಇದ್ದು ಬೈತಾ ಇದ್ದಾಳಾ?"

ಮರದಿಂದ ಬರುತ್ತಿದ್ದ ಸದ್ದಿನ ಕಡೆ ಫೋನ್ ಹಿಡಿದೆ.

"ಹಾಗಾದರೆ ಬೇಗ ಮಾಡಿ" ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ಗಡಿಯಾರದ ಮಾವನೂ ಬಂದಿದ್ದ. ಅವನ ಚಿಮಟ, ಸಣ್ಣ ಕತ್ತರಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲ ತಂದಿದ್ದ. ಅವನೇ ಬಿಡಿಸುತ್ತಾನೆ ಎಂದುಕೊಂಡೆವು. ಅಂಗಡಿಯ ಮೇಜಿನ ಮೇಲೆ ಮರಿಗಳನ್ನು ನನ್ನ ಹಳೆಯ ಶಾಲಿನಲ್ಲಿ ಸುತ್ತಿ, ಬಾಲಗಳನ್ನು ಮಾತ್ರ ಹೊರಗೆ ಬಿಟ್ಟು ಹಿಡಿದೆ. ಮಾವ ಚಿಮಟ ತಾಗಿಸಿದ. ಶಾಲು ಒಂದು ಸಲ ಎಗರಿತು. ಮಾವ ಮೇಜಿನಿಂದ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ನನ್ನಿಂದಾಗಲ್ಲ. ಗಡಿಯಾರ ಒದೆಯಲ್ಲ ಕಣಮ್ಮಾ. ನಾನು ಹೆದರಿ ಕತ್ತರಿಸಬಾರದ್ದನ್ನು ಕತ್ತರಿಸಿಬಿಟ್ಟರೆ?"

ಕತ್ತರಿಯನ್ನು ನಾನು ತೆಗೆದುಕೊಂಡು ಒಂದು ಎಳೆ ಕತ್ತರಿಸಿದೆ. ಎರಡನೆಯದಕ್ಕೆ ಹೋದಾಗ ಯಾವುದು ಎಳೆ, ಯಾವುದು ಬಾಲದ ಕೂದಲು ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಹಿಡಿದು ಒಂದು ಕೈಯಲ್ಲಿ ಕತ್ತರಿಸಲು ಹೋದರೆ ಹಿಡಿತ ಸಡಿಲವಾಗುತ್ತಿತ್ತು.

"ಬಿಡು" ಅಂದಳು ದೊಡ್ಡಮ್ಮ. "ಕಟ್ಟಿದವಳು ನಾನು. ನೀನು ಹಿಡ್ಕೋ, ಸಾಕು."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡಳು. ಕತ್ತರಿ ಎತ್ತಿದಳು. ಕತ್ತರಿಯ ತುದಿ ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕತೊಡಗಿತು. ಹತ್ತಿರ ತಂದಳು, ಹಿಂದಕ್ಕೆ ತೆಗೆದಳು. ಮತ್ತೆ ತಂದಳು. ಶಾಲಿನೊಳಗೆ ಮೂರು ಎದೆಗಳು ಸೇರಿ ಒಂದೇ ಸಮನೆ ಗುಬುಗುಬು ಬಡಿಯುವುದು ಅಂಗೈಗೆ ಗೊತ್ತಾಗುತ್ತಿತ್ತು. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದಳು.

"ನೋಡ್ದಾ? ಈ ಕೈ ಈಗ ಬರೀ ತೋರಿಸೋಕಿದೆ ಅಷ್ಟೇ."

ಗಡಿಯಾರದ ಮಾವ ಕಡಲೆಕಾಯಿ ಜೇಬಿಗೆ ಹಾಕಿಕೊಂಡ. "ನಲವತ್ತು ವರ್ಷದಿಂದ ನನ್ನ ಅಂಗಡೀನ ನೋಡ್ತಾ ಇದ್ದೀಯ. ನಾನು ಕೈಯನ್ನ ಗಾಳಿಯಲ್ಲಿ ಇಟ್ಕೊಂಡು ಕೆಲಸ ಮಾಡಿದ್ದು ನೋಡಿದ್ಯಾ?"

"ನೀನು ಕೆಲಸ ಮಾಡಿದ್ದನ್ನೇ ನೋಡಿಲ್ಲ."

"ಹಾಳಾಗಿ ಹೋಗು! ಮೊಣಕೈಯಿಂದ ಮಣಿಕಟ್ಟಿನ ತನಕ ಮೇಜಿಗೆ ಊರ್ತೀನಿ. ಆಡೋದು ಬೆರಳು ಮಾತ್ರ. ನಿಮ್ಮ ಕಸುಬಲ್ಲಿ ಭುಜದಿಂದ ಎಳೀತೀರ, ಅಭ್ಯಾಸ ಇಲ್ಲ. ಕೈಗೆ ಏನಾದರೂ ಆನಿಸಿಕೋ."

ಅವಳು ಮೇಜಿಗೆ ಮೊಣಕೈ ಊರಿ ನೋಡಿದಳು. ಮರಿಗಳು ಇದ್ದ ಎತ್ತರಕ್ಕೆ ಕೈ ಹೊಂದಲಿಲ್ಲ. ಸುತ್ತ ಕಣ್ಣು ಹಾಯಿಸಿ, "ಆ ಮೂಲೇಲಿ ಹೊಟ್ಟಿನ ದಿಂಬಿದೆ, ಕೊಡು" ಅಂದಳು. ಧಾನ್ಯದ ಹೊಟ್ಟು ತುಂಬಿದ ದಿಂಬು ಅದು. ಕತ್ತು ನೋವಿನವರಿಗೆಂದು ಹೊಲಿಯುತ್ತಾಳೆ. ಹತ್ತಿಯಂತೆ ಒತ್ತಿದರೆ ಕುಸಿಯುವುದಿಲ್ಲ; ಒತ್ತಿದ ಆಕಾರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಮಾವ ದಿಂಬನ್ನು ಮೇಜಿನ ಮೇಲಿಟ್ಟ. ದೊಡ್ಡಮ್ಮ ಅಂಗೈ ಪಕ್ಕದಿಂದ ಗುದ್ದಿ ಗುದ್ದಿ ಅದರಲ್ಲಿ ಒಂದು ದೋಣಿ ಮಾಡಿದಳು. ಆ ದೋಣಿಯಲ್ಲಿ ಬಲಗೈಯನ್ನು ಮಲಗಿಸಿದಳು. ಹೊಟ್ಟು ಸರಬರ ಎಂದು ಕೈಯ ಸುತ್ತ ಕೂತಿತು.

ಕತ್ತರಿಯ ತುದಿ ಇನ್ನೂ ಅಲುಗುತ್ತಿತ್ತು. ಆದರೆ ಸುತ್ತು ಹೊಡೆಯುತ್ತಿರಲಿಲ್ಲ.

ಮೊದಲ ಎಳೆ ಕಿಟ್ ಎಂದಿತು. ದೊಡ್ಡಮ್ಮ ಉಸಿರು ಬಿಟ್ಟಳು. ಆಮೇಲೆ ಅವಳು ನಮ್ಮನ್ನೆಲ್ಲ ಮರೆತಳು. ಹೊರಗಿನ ಎಳೆಗಳನ್ನು ಮೊದಲು, ಆಮೇಲೆ ಒಳಗಿನವು. ಚಿಮಟದಿಂದ ಎತ್ತುವುದು, ಇದು ಯಾರದು ಎಂದು ನೋಡುವುದು, ಕತ್ತರಿಸುವುದು. ಕೈ ಹೆಚ್ಚು ನಡುಗಿದರೆ ತೆಗೆದು, ದಿಂಬಿಗೆ ಮತ್ತೊಂದು ಗುದ್ದು ಕೊಟ್ಟು, ಮತ್ತೆ ಮಲಗಿಸುವುದು. "ಸ್ವಲ್ಪ ತಡ್ಕೋ ಕಂದಾ, ಇದೊಂದು... ನಿನ್ನದಲ್ಲ ಮಗನೇ, ನಿನ್ನ ತಮ್ಮಂದು..." ಎಂದು ಗೊಣಗುತ್ತಿದ್ದಳು. ಪಿಟೀಲು ಮೇಜಿನ ಕೆಳಗೆ ಕೂತು ಬಾಯಿಗೆ ಬೆರಳಿಟ್ಟುಕೊಂಡಿದ್ದಳು. ಹುಟ್ಟಿದ ಮೇಲೆ ಅವಳು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲು.

ಒಂದು ಮರಿ ಬೇರೆಯಾಗಿ ಬಂತು. ಮಾವ ಅದನ್ನು ಬಟ್ಟೆ ಸಮೇತ ಬುಟ್ಟಿಯಲ್ಲಿಟ್ಟ, ಈ ಸಲ ಹಾರಲಿಲ್ಲ. ಎರಡನೆಯದೂ ಬಿಡಿಸಿಕೊಂಡಿತು. ಮೂರನೆಯದರ ಬಾಲಕ್ಕೇ ಎಳೆ ಹೆಚ್ಚು ಬಿಗಿದಿತ್ತು. ತುದಿ ಕಪ್ಪಾಗಿ ಒಣಗಿದ ಕಡ್ಡಿಯಂತಿತ್ತು. ದೊಡ್ಡಮ್ಮ ಎಳೆಯನ್ನೆಲ್ಲ ತೆಗೆದು, ಆ ತುದಿಯನ್ನು ನೋಡುತ್ತಾ ಕೂತಳು.

"ಬಾಲ ಇಲ್ಲದೆ ಇದು ಬದುಕತ್ತಾ?"

ಬಾಲದ ಕೆಲಸವೇನು ಕಡಿಮೆಯೇ? ಕೊಂಬೆಯಿಂದ ಕೊಂಬೆಗೆ ಹಾರುವಾಗ ತೂಕ ಸರಿಹೊಂದಿಸುವುದು ಅದೇ. ಬಿಸಿಲಲ್ಲಿ ಕೊಡೆ, ಚಳಿಯಲ್ಲಿ ಹೊದಿಕೆ, ಸಿಟ್ಟು ಬಂದರೆ ಬಾವುಟ. ಹಲ್ಲಾದರೆ ಸವೆದಷ್ಟೂ ಬೆಳೆಯುತ್ತದೆ, ಬಾಲ ಬೆಳೆಯುವುದಿಲ್ಲ. ನಾನು ಅದನ್ನೆಲ್ಲ ಹೇಳಲಿಲ್ಲ. "ತುದಿ ತಾನೆ ಹೋಗಿರೋದು. ಮುಕ್ಕಾಲು ಬಾಲ ಇದೆಯಲ್ಲ" ಅಂದೆ.

ಬುಟ್ಟಿಯನ್ನು ಮರದ ಬುಡದಲ್ಲಿಟ್ಟೆವು. ಆಗ ಗೊತ್ತಾಯಿತು, ಮರದಲ್ಲಿ ಸದ್ದಿಲ್ಲ. ಕಿರುಚಿ ಕಿರುಚಿ ತಾಯಿ ಎಲ್ಲೋ ಹೋಗಿಬಿಟ್ಟಿತ್ತು. ಬೆಕ್ಕುಗಳನ್ನು ಓಡಿಸಲು ಮಾವ ಹಿತ್ತಲ ಗೇಟಿನಲ್ಲಿ ಮಣೆ ಹಾಕಿ ಕೂತ. ನಾವು ಮೂವರು ಅಂಗಡಿಯ ಒಳಗೆ, ಕಿಟಕಿಯ ಬದಿಯಲ್ಲಿ. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಪಿಟೀಲು ನನ್ನ ಮಡಿಲಲ್ಲೇ ನಿದ್ದೆ ಹೋದಳು. ದೊಡ್ಡಮ್ಮ ಊಟ ಬೇಡ ಅಂದಳು.

"ಕಿಟಕಿಗೆ ಸಿಕ್ಕಿಸುವಾಗ ಎಷ್ಟು ಚೆನ್ನಾಗಿ ಬಾಚಿದ್ದೆ" ಅಂದಳು ಒಮ್ಮೆ.

ನೆರಳು ಉದ್ದವಾಗುವ ಹೊತ್ತಿಗೆ ಮರದ ಕಾಂಡದಲ್ಲಿ ಏನೋ ಕದಲಿತು. ತಾಯಿ ತಲೆ ಕೆಳಗಾಗಿ ಇಳಿಯುತ್ತಿದ್ದಳು. ಅಳಿಲಿಗೆ ಹಿಂಗಾಲಿನ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಲು ಬರುತ್ತದೆ. ಉಗುರುಗಳನ್ನು ಮೇಲ್ಗಡೆ ತೊಗಟೆಗೆ ನೆಟ್ಟು, ನೇತಾಡುತ್ತಾ ಇಳಿಯುತ್ತದೆ. ಅರ್ಧ ಇಳಿದು ನಿಂತಳು. ಬಾಲ ಜಾಡಿಸಿದಳು. ಮಾವ ಗೇಟಿನಲ್ಲಿ ಗೊಂಬೆಯಂತೆ ಕೂತ. ಅವಳು ನೆಲಕ್ಕಿಳಿದು, ಬುಟ್ಟಿಯ ಅಂಚು ಹತ್ತಿ, ಒಳಗೆ ತಲೆ ಹಾಕಿ, ಒಂದು ಮರಿಯ ಹೊಟ್ಟೆಯ ಚರ್ಮವನ್ನು ಬಾಯಲ್ಲಿ ಕಚ್ಚಿ ಎತ್ತಿದಳು. ಮರಿ ತಾನಾಗಿಯೇ ತಾಯಿಯ ಕತ್ತಿಗೆ ಸುತ್ತಿಕೊಂಡಿತು. ಮೇಲೆ ಓಡಿದಳು, ಆದರೆ ಗೂಡಿಗಲ್ಲ. ಗೂಡನ್ನು ದಾಟಿ, ಕಾಂಡದ ಇನ್ನೊಂದು ಮಗ್ಗುಲಿಗೆ ಹೊರಳಿ, ನಾವು ಎಂದೂ ಗಮನಿಸದ ಒಂದು ಪೊಟರೆಯೊಳಗೆ ನುಗ್ಗಿದಳು.

"ಇನ್ನೊಂದು ಮನೆ ಇಟ್ಟಿದ್ದಾಳೆ ಕಳ್ಳಿ!" ಎಂದು ದೊಡ್ಡಮ್ಮ ನನ್ನ ತೋಳು ಹಿಂಡಿದಳು.

ಎರಡನೆಯ ಮರಿಯನ್ನೂ ಒಯ್ದಳು. ಬೆಳೆದ ಮರಿಗಳು, ಭಾರ. ಪ್ರತಿ ಸಲವೂ ನಡುವೆ ನಿಂತು ಏದುಸಿರು ಬಿಡುತ್ತಿದ್ದಳು. ಎರಡನೆಯದನ್ನು ಬಿಟ್ಟುಬರಲು ಹೋದವಳು ಬೇಗ ಬರಲಿಲ್ಲ. ಬುಟ್ಟಿಯಲ್ಲಿ ಉಳಿದದ್ದು ಬಾಲದ ತುದಿ ಹೋದದ್ದು. ಅದು ತಾನೇ ಅಂಚು ಹತ್ತಿ, ನೆಲಕ್ಕೆ ಉರುಳಿ, ಕಾಂಡವನ್ನು ಅಪ್ಪಿಕೊಂಡು ಮೇಲೆ ಹತ್ತಿತು. ಜಾರಿತು. ಮತ್ತೆ ಹತ್ತಿತು.

"ಹೋಗಿ ಎತ್ತಿ ಇಡಲಾ?" ಅಂದೆ.

"ಕೂತ್ಕೋ" ಅಂದಳು ದೊಡ್ಡಮ್ಮ. ಅವಳ ಬಲಗೈ ನಡುಗುತ್ತಿತ್ತು, ಮುಚ್ಚಿಡುವುದನ್ನು ಮರೆತಿದ್ದಳು. "ಇವತ್ತು ಮಾಡಿದ ಉಪಕಾರ ಸಾಕು ನಮ್ಮದು."

ಮರಿ ನನ್ನ ಎದೆಯೆತ್ತರಕ್ಕೆ ಹತ್ತಿರಬಹುದು. ಅಲ್ಲೇ ಅಂಟಿಕೊಂಡು ಸಣ್ಣಗೆ ಕೀಚ್ ಎಂದಿತು. ಮೇಲಿಂದ ತಾಯಿ ಸುತ್ತು ಬಳಸಿ ಇಳಿದು ಬಂದಳು. ಮೂಸಿದಳು. ಆ ಒಣ ತುದಿಯನ್ನು ನೆಕ್ಕಿದಳು. ಆಮೇಲೆ ಕುತ್ತಿಗೆಯ ಹಿಂದೆ ಕಚ್ಚಿ ಹಿಡಿದು, ಎಳೆದುಕೊಂಡಂತೆ, ಹೊತ್ತುಕೊಂಡಂತೆ ಮೇಲೆ ಹೋದಳು. ಗೇಟಿನಲ್ಲಿ ಮಾವ ಎದ್ದು ನಿಂತು ಎರಡೂ ಕೈ ಎತ್ತಿದ. ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಲ್ಲಿ, ತಿನ್ನೋಕೆ ಏನಿದೆ?" ಅಂದಳು.

ಮರುದಿನ ಬಂದು ನೋಡಿದ ಡಾಕ್ಟರಮ್ಮ, ಅಳಿಲು ಹೀಗೆ ಎರಡು ಮೂರು ಮನೆ ಇಟ್ಟುಕೊಂಡಿರುತ್ತದೆ, ಒಂದರಲ್ಲಿ ಚಿಗಟ ಹೆಚ್ಚಾದರೆ, ಭಯವಾದರೆ ಇನ್ನೊಂದಕ್ಕೆ ಹೋಗುತ್ತದೆ ಅಂದರು. ಹಳೆಯ ಗೂಡಿಗೆ ತಿರುಗಿ ಬರುವ ಸೂಚನೆಯಿಲ್ಲ, ಆ ಫೈಬರ್ ಅಲ್ಲಿರುವುದು ಒಳ್ಳೆಯದಲ್ಲ ಎಂದು ತೆಗೆಸಿಬಿಡಲು ಹೇಳಿದರು. ನಮ್ಮ ಮನೆಯವರು ಏಣಿ ಹಾಕಿ ಇಳಿಸಿದರು.

ದೊಡ್ಡಮ್ಮ ಅದನ್ನು ಮೇಜಿನ ಮೇಲಿಟ್ಟು, ರಿಪೇರಿಗೆ ಬಂದ ಹಳೆಯ ಹಾಸಿಗೆಯನ್ನು ಬಿಚ್ಚುವ ಹಾಗೆ ಪದರ ಪದರವಾಗಿ ಬಿಚ್ಚಿದಳು. ಮೇಲೆ ಕಡ್ಡಿ, ಒಳಗೆ ಒಂದರ ಮೇಲೊಂದು ಅಂಟಿ ಕೂತ ಎಲೆ. "ಮಳೆ ಒಳಗೆ ಬರಲ್ಲ ನೋಡು." ಅದರೊಳಗೆ ಪಾಚಿ, ಒಣಹುಲ್ಲು. ನಟ್ಟನಡುವೆ ತೊಗಟೆಯ ನಾರು. ಪೊರಕೆ ಕಡ್ಡಿ ಎಂದು ಅವಳು ಮೂಗು ಮುರಿದಿದ್ದ ಆ ನಾರು ಈಗ ಉಣ್ಣೆಯಷ್ಟು ಮೆತ್ತಗಿತ್ತು; ಅಳಿಲು ಹಲ್ಲಿನಿಂದ ಸೀಳಿ ಸೀಳಿ ಮೆತ್ತಗೆ ಮಾಡಿತ್ತು. ದೊಡ್ಡಮ್ಮ ಒಂದು ನಾರನ್ನೆತ್ತಿ ಬೆಳಕಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು. ಬೆರಳಿನ ಒಂದು ಗೆಣ್ಣಿಗಿಂತ ಉದ್ದದ್ದು ಒಂದೂ ಇರಲಿಲ್ಲ.

"ತುಂಡು ಮಾಡಿ ಹಾಸ್ತಾಳೆ ಇವಳು. ತುಂಡು ಯಾವ ಕಾಲಿಗೂ ಸುತ್ತಲ್ಲ. ನಾನು ನನ್ನ ಬುದ್ಧಿಗೆ ಉದ್ದ ಎಳೆದೆ."

"ಮಲಗಿದಲ್ಲಿ ನಿನ್ನ ಗಿರಾಕಿಗಳೂ ಹೊರಳ್ತಾರೆ, ದೊಡ್ಡಮ್ಮಾ. ಆದರೆ ಗವಸು ಇರತ್ತೆ."

"ಅದೇ. ಇಲ್ಲಿ ಗವಸಿಲ್ಲ." ಬಿಳಿಯ ಎಳೆಯ ಮುದ್ದೆಯನ್ನು ಅವಳು ಪಕ್ಕಕ್ಕಿಟ್ಟಳು. ಎಂದೂ ಗಂಟಾಗುವುದಿಲ್ಲ ಎಂದಿದ್ದದ್ದು ಗಂಟು ಗಂಟಾಗಿತ್ತು. ಗಡಿಯಾರದ ಮಾವ ಅದನ್ನು ಎತ್ತಿ ನೋಡಿ, "ಹಾಸಿಗೆ ಅಕ್ಕಾ, ಗಂಟು ಸಿಕ್ತು. ಎಲ್ಲಿ ನನ್ನ ಹಾಸಿಗೆ?" ಎಂದು ಕೈ ಚಾಚಿದ. ದೊಡ್ಡಮ್ಮ ಅವನನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು, ಮೇಜು ಹಿಡಿದುಕೊಂಡು ನಕ್ಕಳು.

"ಕೊಡ್ತೀನಿ ಕಣೋ. ಹೊಲಿದೇ ಕೊಡ್ತೀನಿ."

ಅವಳು ಅದನ್ನು ಮಾತಿಗೆ ಹೇಳಿದ್ದು ಎಂದು ನಾನು ಅಂದುಕೊಂಡಿದ್ದೆ. ಮಧ್ಯಾಹ್ನ ಪಿಟೀಲನ್ನು ಮಲಗಿಸಿ ಇಳಿದು ಬಂದರೆ, ಪೆಟ್ಟಿಗೆ ತೆರೆದಿತ್ತು. ಶಿಶುವಿಹಾರದ ಹಾಸಿಗೆಯನ್ನು ಮೇಜಿನ ಮೇಲೆ ಹಾಸಿ, ಹೊಟ್ಟಿನ ದಿಂಬನ್ನು ಗುದ್ದಿ ದೋಣಿ ಮಾಡಿ, ಅದರಲ್ಲಿ ಕೈ ಮಲಗಿಸಿಕೊಂಡು ದೊಡ್ಡಮ್ಮ ದಬ್ಬಳ ಚುಚ್ಚುತ್ತಿದ್ದಳು. ಒಂದು ಟಾಕು ಹಾಕಿ, ದಿಂಬನ್ನು ಮುಂದಕ್ಕೆ ಸರಿಸಿ, ಮತ್ತೆ ಗುದ್ದಿ, ಮತ್ತೊಂದು. ಹಿಂದೆ ಒಂದು ಗಳಿಗೆಗೆ ಮುಗಿಯುತ್ತಿದ್ದ ಸಾಲಿಗೆ ಈಗ ಅರ್ಧ ಮಧ್ಯಾಹ್ನ ಹಿಡಿಯಿತು. ಕೆಲವು ಟಾಕು ವಾರೆಯಾದವು, ಬಿಚ್ಚಿ ಹಾಕಿದಳು. ನಾನು ಹಿಂದಿನ ವಾರ ಹಾಕಿದ್ದ ಟಾಕುಗಳನ್ನೂ ಬಿಚ್ಚಿದಳು. "ಇದೇನು ಮಗೂ ಇದು, ಕೋಳಿ ಕೆದರಿದ ಹಾಗೆ?" ಅಂದಳು. ಆ ಬೈಗುಳ ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕ್ಷೌರಿಕ ಮತ್ತೆ ಗೋಡೆ ನೋಡಲು ಬಂದಾಗ ಅವನಿಗೆ ಒಂದು ದಿಂಬು ಕೊಟ್ಟು, ಗಿರಾಕಿಗಳ ಕತ್ತಿಗೆ ಆನಿಸಿಕೊಳ್ಳಲು ಎಂದಳು. ಅಂಗಡಿಯ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮರಿಗಳು ಈಗ ಅಂಗಳದ ತುಂಬ. ಮೂರನೆಯದಕ್ಕೆ ಪಿಟೀಲು 'ಮೊಂಡಬಾಲ' ಎಂದು ಹೆಸರಿಟ್ಟಿದ್ದಾಳೆ. ಹಾರುವ ಮೊದಲು ಅದು ಅಣ್ಣತಮ್ಮಂದಿರಿಗಿಂತ ಒಂದು ಸಲ ಹೆಚ್ಚು ಮೈ ತೂಗಿ ನೋಡುತ್ತದೆ, ಆಮೇಲೆ ಹಾರುತ್ತದೆ. ಒಮ್ಮೊಮ್ಮೆ ತಪ್ಪಿ ಕೆಳಗಿನ ಕೊಂಬೆ ಹಿಡಿದು, ಅಲ್ಲಿಗೇ ಹೋಗಬೇಕಿತ್ತು ಎನ್ನುವ ಮುಖ ಮಾಡುತ್ತದೆ.

ನಿನ್ನೆ ಹಾಸಿಗೆಗಳು ಮುಗಿದು ಕಡೆಯ ಬಿಸಿಲು ಕಾಯುತ್ತಿದ್ದವು. ಮೊಂಡಬಾಲ ಮಾವನ ಕಡಲೆಕಾಯಿ ಒಂದನ್ನು ಕಚ್ಚಿಕೊಂಡು ಬಂದು, ಹಾಸಿಗೆಯ ಮೇಲೆ ಅತ್ತಿತ್ತ ಓಡಾಡಿ, ದೊಡ್ಡಮ್ಮ ಟಾಕು ಬಿಗಿದಲ್ಲಿ ಬಿದ್ದ ಕುಳಿಯೊಂದನ್ನು ಆರಿಸಿಕೊಂಡಿತು. ಕಡಲೆಕಾಯಿಯನ್ನು ಅದರಲ್ಲಿ ಮೂತಿಯಿಂದ ಅದುಮಿ, ಇಲ್ಲದ ಮಣ್ಣನ್ನು ಎರಡೂ ಕೈಗಳಿಂದ ಎಳೆದು ಮುಚ್ಚಿ, ತಟ್ಟಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿ ಹೋಯಿತು. ಕಡಲೆಕಾಯಿ ಕುಳಿಯಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು.

ಹಾಸಿಗೆ ಒಯ್ಯಲು ಶಿಶುವಿಹಾರದ ಗಾಡಿ ಬಂದಿತ್ತು. ದೊಡ್ಡಮ್ಮ ಕಡಲೆಕಾಯಿ ಎತ್ತಿಕೊಂಡಳು. ಮರದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ದಬ್ಬಳದಿಂದ ಮಣ್ಣು ಕೆದಕಿ, ಅದನ್ನು ಹೂತು, ಅಂಗೈಯಿಂದ ತಟ್ಟಿದಳು. ಆಮೇಲೆ ಅವಳೂ ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು.